ಕರ್ಮಫಲ ಮತ್ತು ಕ್ಯಾನ್ಸರಿನ ಲೆಕ್ಕ

ಕ್ಯಾನ್ಸರ್ ಬಂದವರು ಹಿಂದಿನ ಜನ್ಮದ ಕರ್ಮವನ್ನು ಉಣ್ಣುತ್ತಿದ್ದಾರೆ ಎಂಬ ನಂಬಿಕೆ ದುಃಖಕ್ಕೆ ಒಂದು ಅರ್ಥವನ್ನು ಕೊಡುತ್ತದೆ ನಿಜ, ಆದರೆ ಆ ರೋಗ ಬಡವರಲ್ಲಿ ತಡವಾಗಿ ಪತ್ತೆಯಾಗಿ ಬೇಗ ಕೊಲ್ಲುವುದೇಕೆ ಎಂಬ ಪ್ರಶ್ನೆಯನ್ನು ಅದು ಮುಚ್ಚಿಬಿಡುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಮೊದಲು ಲೆಕ್ಕ ಬೇಕು. ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ, ಅಂದರೆ ಒಂದು ಆಸ್ಪತ್ರೆಗೆ ಬಂದವರನ್ನಷ್ಟೇ ಅಲ್ಲದೆ ಒಂದು ಪ್ರದೇಶದ ಎಲ್ಲ ನಿವಾಸಿಗಳ ಹೊಸ ಪ್ರಕರಣಗಳನ್ನೂ ಸಾವುಗಳನ್ನೂ ದಾಖಲಿಸುವ ಪದ್ಧತಿ, ಬೆಂಗಳೂರಿನಲ್ಲಿ 1982ರಲ್ಲಿ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1987ರಲ್ಲಿ ಆರಂಭವಾಯಿತು.

ಬೀದರ್‌ಗೆ ಹೊಂದಿಕೊಂಡ, ಈಗ ಧಾರಾಶಿವ ಎನಿಸಿಕೊಳ್ಳುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1999ರಲ್ಲಿ ಮೊದಲಾದ ಒಂದು ತಪಾಸಣಾ ಅಧ್ಯಯನವು 30ರಿಂದ 59 ವರ್ಷದ ಸುಮಾರು 1,31,000 ಗ್ರಾಮೀಣ ಮಹಿಳೆಯರನ್ನು ಒಳಗೊಂಡಿತ್ತು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಾಣುವಿನ ಪರೀಕ್ಷೆ ಒಂದೇ ಸಲ ನಡೆದ ಗುಂಪಿನಲ್ಲಿ ಆ ರೋಗದ ಸಾವು, ತಪಾಸಣೆಯಿಲ್ಲದ ಗುಂಪಿಗಿಂತ ಹೆಚ್ಚುಕಡಿಮೆ ಅರ್ಧದಷ್ಟಿತ್ತೆಂದು 2009ರಲ್ಲಿ ಪ್ರಕಟವಾಯಿತು. ತಪಾಸಣೆಯಿಲ್ಲದ ಗುಂಪನ್ನು ಇರಿಸಿದ್ದು ಧರ್ಮವೇ ಎಂಬ ಆಕ್ಷೇಪವೂ ಎದ್ದಿತು, ಅದು ನ್ಯಾಯವಾದ ಆಕ್ಷೇಪವೇ. ಆದರೂ ಒಂದು ಪರೀಕ್ಷೆಯಿಂದ ತಪ್ಪುವ ಸಾವನ್ನು ಪೂರ್ವಜನ್ಮದ ತಲೆಗೆ ಕಟ್ಟುವುದು, ಪರೀಕ್ಷೆ ಒದಗಿಸಬೇಕಾದವರ ಹೊಣೆಯನ್ನು ಸತ್ತವರ ಮೇಲೆ ಹೊರಿಸಿದಂತೆ.

ಹುಟ್ಟಿನಿಂದ ಮನುಷ್ಯನ ಬೆಲೆಯನ್ನು ಅಳೆಯಬಾರದೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದ ಕಲ್ಯಾಣ ಬೀದರ್ ಜಿಲ್ಲೆಯದೇ. ಆ ವಿವೇಕದಂತೆ ನಡೆಯುವುದಾದರೆ ಬೀದರ್‌ನ ಗಾಂಧಿ ಗಂಜ್‌ನಲ್ಲಿ ಮೂಟೆ ಹೊರುವ ಹಮಾಲರ ಬಾಯಿ ಕ್ಯಾನ್ಸರಿನ ತಪಾಸಣೆ, ಔರಾದ್ ಮತ್ತು ಭಾಲ್ಕಿಯ ಕೂಲಿ ಹೆಣ್ಣುಮಕ್ಕಳ ಗರ್ಭಕಂಠದ ತಪಾಸಣೆ ಅವರ ಊರಲ್ಲಿಯೇ ನಡೆಯಬೇಕು, ಮಠಗಳೂ ಮಸೀದಿಗಳೂ ಅದಕ್ಕಾಗಿ ಜನರನ್ನು ಕರೆಯಬೇಕು.