ಮಂಜಿನಲ್ಲಿ ಎರಡು ಹೆಜ್ಜೆ

ನಾವು ಫೋಟೋ ‘ತೆಗೆಯುತ್ತೇವೆ’, ಆಡುಮಾತಿನಲ್ಲಿ ‘ಹೊಡೆಯುತ್ತೇವೆ’. ಹಕ್ಕಿಯದ್ದಾದರೆ ಅದು ಕ್ಯಾಮೆರಾದಲ್ಲಿ ‘ಸೆರೆಯಾಯಿತು’ ಎನ್ನುತ್ತೇವೆ. ಮಾತಿನಲ್ಲಿ ಬೇಟೆಯ ವಾಸನೆ ಉಳಿದಿದೆ. ಆದರೂ ಬಂದೂಕು ಜೀವ ತೆಗೆಯುತ್ತದೆ, ಕ್ಯಾಮೆರಾ ಏನನ್ನೂ ಕಳೆಯುವುದಿಲ್ಲ ಎಂದು ನಂಬಿದ್ದೇವೆ. ಈ ನಂಬಿಕೆ ಎಷ್ಟು ಗಟ್ಟಿ?

ರಾಜಸ್ಥಾನದ ಭರತ್‌ಪುರದಲ್ಲಿರುವ ಕೇವಲಾದೇವ್ ಪಕ್ಷಿಧಾಮ ಈ ಪ್ರಶ್ನೆ ಕೇಳಿಕೊಳ್ಳಲು ತಕ್ಕ ಜಾಗ. ಸುಮಾರು 29 ಚದರ ಕಿಲೋಮೀಟರಿನ ಈ ತಾಣ ಒಂದು ಕಾಲಕ್ಕೆ ಅಲ್ಲಿನ ರಾಜರ ಬಾತುಕೋಳಿ ಬೇಟೆಯ ನೆಲ. 1938ರ ನವೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದುರುಳಿಸಿದರು. ಆ ಲೆಕ್ಕ ಅಲ್ಲಿನ ಕಲ್ಲಿನ ಮೇಲೆ ಇಂದಿಗೂ ಇದೆ. 1985ರಲ್ಲಿ ಅದೇ ಜಾಗ ವಿಶ್ವ ಪರಂಪರೆಯ ತಾಣವಾಯಿತು. ಈಗ ಅಲ್ಲಿ ಕೇಳುವುದು ಶಟರಿನ ಸದ್ದು.

ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಮಂಜು ಕವಿಯುತ್ತದೆ. ಕೆಲವು ದಿನ ಮಧ್ಯಾಹ್ನವಾದರೂ ಸೂರ್ಯನಿಲ್ಲ. ಮಂದ ಬೆಳಕಿಗೆ ಛಾಯಾಗ್ರಾಹಕನ ಬಳಿ ಉಪಾಯಗಳಿವೆ: ಶಟರನ್ನು ಹೆಚ್ಚು ಹೊತ್ತು ತೆರೆದಿಡಬಹುದು, ಐಎಸ್‌ಒ ಏರಿಸಬಹುದು. ಆದರೆ ಮಂಜಿಗೆ ಇವು ಮದ್ದಲ್ಲ. ಲೆನ್ಸ್ ಎಷ್ಟೇ ಉದ್ದವಿರಲಿ, ಅದು ಹಕ್ಕಿಯ ಜೊತೆಗೆ ನಡುವಿನ ಮಂಜನ್ನೂ ಹಿಗ್ಗಿಸುತ್ತದೆ. ಸ್ಪಷ್ಟ ಚಿತ್ರ ಬೇಕೆಂದರೆ ಉಳಿಯುವ ದಾರಿ ಒಂದೇ, ಹತ್ತಿರ ಹೋಗುವುದು. ನೈತಿಕ ಪ್ರಶ್ನೆ ಹುಟ್ಟುವುದು ಆ ಎರಡು ಹೆಜ್ಜೆಯಲ್ಲಿ.

ಹಕ್ಕಿಯ ಕಡೆಯಿಂದ ನೋಡಿ. ಚಳಿಗಾಲದ ರಾತ್ರಿ ದೀರ್ಘ. ಮೈ ಬೆಚ್ಚಗಿಡಲು ಅದು ತನ್ನ ಕೊಬ್ಬನ್ನೇ ಉರಿಸಿರುತ್ತದೆ. ಬೆಳಗಾದ ಮೇಲೆ ಮೇಯಲು ಸಿಗುವ ಹಗಲು ಚಿಕ್ಕದು. ನಮ್ಮಿಂದಾಗಿ ಅದು ಒಮ್ಮೆ ಹಾರಿದರೆ, ಉಳಿಸಿಕೊಳ್ಳಬೇಕಾದ ಶಕ್ತಿ ಖರ್ಚಾಯಿತು. ಕೇವಲಾದೇವ್‌ನ ಹೆಬ್ಬಾವುಗಳದ್ದು ಇನ್ನೂ ಕಷ್ಟ. ಮುಳ್ಳುಹಂದಿಯ ಬಿಲಗಳಲ್ಲಿ ಚಳಿಗಾಲ ಕಳೆಯುವ ಅವು ಮೈ ಕಾಯಿಸಲು ಬಿಸಿಲನ್ನೇ ನಂಬಿವೆ. ಮಂಜು ಕರಗಿ ಬಿಸಿಲು ಇಣುಕುವ ಒಂದೆರಡು ಗಂಟೆಯೇ ಅವುಗಳ ಪಾಲು. ನಾವು ಕಾದು ಕುಳಿತಿರುವುದೂ ಅದೇ ಬೆಳಕಿಗೆ. ಬಿಲದ ಸುತ್ತ ಜನ ಸೇರಿದರೆ ಹಾವು ಒಳಗೆ ಸರಿಯುತ್ತದೆ, ನಾವು ಕಾದದ್ದು ದಂಡವಾಯಿತೆಂದು ಗೊಣಗುತ್ತೇವೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಚಿತ್ರಗಳಿಲ್ಲದಿದ್ದರೆ ಈ ಜೀವಿಗಳ ಬಗ್ಗೆ ಯಾರಿಗೆ ಮಮತೆ ಹುಟ್ಟುತ್ತಿತ್ತು? ನಿಜ, ಎಷ್ಟೋ ಜನರನ್ನು ಕಾಡಿನ ಪರ ನಿಲ್ಲಿಸಿದ್ದು ಚಿತ್ರಗಳೇ. ಆದರೆ ಈ ವಾದ ಛಾಯಾಗ್ರಹಣವನ್ನು ಸಮರ್ಥಿಸುತ್ತದೆಯೇ ಹೊರತು ಇವತ್ತಿನ ಆ ಎರಡು ಹೆಜ್ಜೆಯನ್ನಲ್ಲ. ಒಂದೇ ಕೊಕ್ಕರೆಯ ಸಾವಿರದನೆಯ ಚಿತ್ರ ಲೋಕಕ್ಕೆ ಹೊಸದೇನನ್ನೂ ಹೇಳದಿರಬಹುದು. ಕೊಕ್ಕರೆಗೆ ಮಾತ್ರ ಸಾವಿರದನೆಯ ಹಾರಾಟಕ್ಕೂ ಮೊದಲನೆಯದರಷ್ಟೇ ಶಕ್ತಿ ಬೇಕು. ‘ನಾನೊಬ್ಬ ಮುಂದೆ ಹೋದರೆ ಏನಾಯಿತು’ ಎಂದುಕೊಳ್ಳುವ ಪ್ರತಿಯೊಬ್ಬರೂ ಒಬ್ಬರೇ ಇರುತ್ತಾರೆ. ಹಕ್ಕಿಯ ಪಾಲಿಗೆ ಅವರೆಲ್ಲ ಸೇರಿ ಒಂದು ಗುಂಪು.

ಹಾಗಾದರೆ ಗೆರೆ ಎಲ್ಲಿ? ಎಷ್ಟು ಮೀಟರ್ ದೂರ ಎಂಬ ನಿಯಮಕ್ಕಿಂತ, ನಾವು ಬಂದ ಮೇಲೂ ಅದು ತನ್ನ ಕೆಲಸ ಮುಂದುವರಿಸಿತೇ ಎಂದು ನೋಡುವುದು ಹೆಚ್ಚು ನ್ಯಾಯವೆಂದು ನನಗನ್ನಿಸುತ್ತದೆ. ಈ ಅಳತೆಗೋಲು ಹಿಡಿದರೆ ನಮ್ಮ ಮೆಚ್ಚಿನ ಚಿತ್ರಗಳೂ ಬೇರೆಯಾಗಿ ಕಾಣುತ್ತವೆ. ಹಕ್ಕಿ ಕತ್ತೆತ್ತಿ ನೇರ ಲೆನ್ಸನ್ನೇ ದಿಟ್ಟಿಸುವ ಚಿತ್ರಕ್ಕೆ ನಾವು ಹೆಚ್ಚು ಅಂಕ ಕೊಡುತ್ತೇವೆ. ಎಷ್ಟೋ ಸಲ ಆ ನೋಟದ ಅರ್ಥ, ಅದು ಮೇಯುವುದನ್ನು ನಿಲ್ಲಿಸಿದೆ ಎಂದು.