ನಿನ್ನೆ ಬರುವ ಪಾರ್ಸೆಲ್

ದೀಪಾವಳಿಯ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಆನ್‌ಕಾಲ್‌ನಲ್ಲಿದ್ದದ್ದು ಟೀಮಿಗೆ ಸೇರಿ ನಾಲ್ಕೇ ತಿಂಗಳಾಗಿದ್ದ ಹುಡುಗಿ. "ಸರ್, ಕೆಲವು ಅಂಗಡಿಗಳಿಗೆ ಡೆಲಿವರಿ ದಿನಾಂಕ ಅಂತ ನಿನ್ನೆ ಡೇಟ್ ತೋರಿಸ್ತಿದೆ. ಒಂಬತ್ತೂವರೆಯಿಂದ ಒಂದೇ ಲೈನ್ ನೋಡ್ತಾ ಕೂತಿದೀನಿ. ನಂಗೆ ಅಷ್ಟು ಬುದ್ಧಿ ಇಲ್ಲ ಅನ್ಸುತ್ತೆ, ಸಾರಿ."

ಆ ಲೈನ್ ನನ್ನದೇ. ಮೂರು ವರ್ಷದ ಹಿಂದೆ ಬರೆದದ್ದು. ಬರೆದ ದಿನವೂ ನೆನಪಿದೆ, ಯಾಕಂದ್ರೆ ಪಕ್ಕದ ಸೀಟಿನವನನ್ನು ಕರೆದು ತೋರಿಸಿದ್ದೆ.

ವಿಷಯ ಇಷ್ಟೇ. ವಾರಕ್ಕೆ ಏಳು ದಿನ. ಅಂಗಡಿ ತೆರೆದಿರುವ ದಿನಕ್ಕೆ ಒಂದು, ಮುಚ್ಚಿರುವ ದಿನಕ್ಕೆ ಸೊನ್ನೆ ಎಂದು ಏಳು ಬಿಟ್‌ಗಳನ್ನು ಒಂದೇ ಸಂಖ್ಯೆಯೊಳಗೆ ಅಡಕ ಮಾಡಿದ್ದೆವು. ಮುಂದಿನ ಡೆಲಿವರಿ ಯಾವಾಗ ಅಂತ ತಿಳಿಯಲು ನಾನು ಲೂಪ್ ಬರೆಯಲಿಲ್ಲ. ಆ ಬಿಟ್‌ಗಳನ್ನು ಇವತ್ತಿನ ದಿನ ಮೊದಲು ಬರುವ ಹಾಗೆ ತಿರುಗಿಸಿ, ಕೆಳಗಿನ ಮೊದಲ ಒಂದನ್ನು ಹೆಕ್ಕಿ, ಅದರ ಸ್ಥಾನವನ್ನು ಇವತ್ತಿಗೆ ಕೂಡಿಸಿದೆ. ಪೈಥಾನ್‌ನಲ್ಲಿ ಒಂದೇ ಸಾಲು. ಹಬ್ಬಕ್ಕೆ ಊರಿಗೆ ಹೋಗುವ ಕೆಲವು ಅಂಗಡಿಯವರು ಏಳೂ ದಿನದ ಟಿಕ್ ತೆಗೆದರು. ಸಂಖ್ಯೆ ಸೊನ್ನೆಯಾಯಿತು. ಸೊನ್ನೆಯಲ್ಲಿ ಹೆಕ್ಕಲು ಒಂದು ಎಲ್ಲಿಂದ ಬರಬೇಕು? 'ಇಲ್ಲ' ಅನ್ನುವ ಬದಲು ನನ್ನ ಸಾಲು ಮೈನಸ್ ಒಂದು ಅಂದಿತು. ಇವತ್ತಿಗೆ ಮೈನಸ್ ಒಂದು ಕೂಡಿಸಿದರೆ ನಿನ್ನೆ.

ತಪ್ಪು ಎಲ್ಲರ ಕೋಡಲ್ಲೂ ಇರುತ್ತೆ, ಅದು ನನ್ನನ್ನು ಕಾಡಲಿಲ್ಲ. ಕಾಡಿದ್ದು ಅವಳ ಆ 'ಸಾರಿ'. ಓದಲಾಗದ ಕೋಡ್ ಬರೆದವನು ನಾನು, ನಾಚಿಕೆಪಟ್ಟವಳು ಅವಳು. ಅವತ್ತಿನ ನನ್ನ ಖುಷಿಯ ಬಿಲ್ ಮೂರು ವರ್ಷ ಬಿಟ್ಟು ಇನ್ನೊಬ್ಬರ ಹಬ್ಬದ ಮನೆಗೆ ಹೋಗಿತ್ತು. ಇದನ್ನು ಬರೀ ಟೆಕ್ನಿಕಲ್ ವಿಷಯ ಅಂತ ತಳ್ಳಿಹಾಕಲು ನನಗೆ ಆಗುತ್ತಿಲ್ಲ.

ಹಾಗಂತ ಚಮತ್ಕಾರವೆಲ್ಲ ಅಹಂಕಾರ ಅನ್ನಲೂ ಮನಸ್ಸು ಒಪ್ಪುವುದಿಲ್ಲ. 1999ರ 'ಕ್ವೇಕ್ 3' ಗೇಮಿನ ಸೋರ್ಸ್ ಕೋಡ್ 2005ರಲ್ಲಿ ಹೊರಬಂದಾಗ, ಅದರಲ್ಲಿದ್ದ ಒಂದು ಪುಟ್ಟ ಫಂಕ್ಷನ್ ಪ್ರಸಿದ್ಧವಾಯಿತು. ವರ್ಗಮೂಲದ ವಿಲೋಮವನ್ನು ಅದು ಒಂದು ವಿಚಿತ್ರ ಸಂಖ್ಯೆಯಿಂದ ಕಳೆಯುವ ಆಟದಲ್ಲಿ ಸರಿಸುಮಾರು ಕಂಡುಹಿಡಿಯುತ್ತದೆ. ಬೆಳಕು-ನೆರಳಿನ ಲೆಕ್ಕ ಸೆಕೆಂಡಿಗೆ ಅಷ್ಟೊಂದು ಸಲ ಆಗಬೇಕಿದ್ದ ಕಾಲದಲ್ಲಿ ಅದು ನಿಜವಾಗಿ ಬೇಕಿತ್ತು. ಆದರೂ ಆ ಸಾಲಿನ ಪಕ್ಕದ ಕಾಮೆಂಟಿನಲ್ಲಿರುವುದು ವಿವರಣೆಯಲ್ಲ, ಯಾರೋ ತಲೆಕೆಟ್ಟು ಬರೆದ ಒಂದು ಬೈಗುಳ! ನನ್ನ ಅಂಗಡಿ ಲೆಕ್ಕಕ್ಕಂತೂ ಆ ಅವಸರ ಇರಲಿಲ್ಲ. ಏಳು ಸಲ ಸುತ್ತುವ ಲೂಪಿನಿಂದ ಯಾವ ಗ್ರಾಹಕನಿಗೂ ತಡವಾಗುತ್ತಿರಲಿಲ್ಲ.

ಡೈಕ್‌ಸ್ಟ್ರಾ 1972ರ ಟ್ಯೂರಿಂಗ್ ಪ್ರಶಸ್ತಿ ಭಾಷಣಕ್ಕೆ ಇಟ್ಟ ಹೆಸರು 'ವಿನೀತ ಪ್ರೋಗ್ರಾಮರ್' ಎಂಬರ್ಥದ್ದು. ನಮ್ಮ ತಲೆ ಚಿಕ್ಕದು, ಅದನ್ನು ಒಪ್ಪಿಕೊಂಡು ಕೆಲಸ ಮಾಡಿ ಅನ್ನುವುದು ಅವರ ವಾದ. ಕಾಲೇಜಲ್ಲಿ ಓದಿದಾಗ ಅದು ಬೇರೆಯವರ ತಲೆಯ ಬಗ್ಗೆ ಅಂದುಕೊಂಡಿದ್ದೆ.

ಆದರೆ ವಿನಯಕ್ಕೆ ಅಪ್ರೈಸಲ್‌ನಲ್ಲಿ ಕಾಲಮ್ ಇಲ್ಲ, ಇದನ್ನೂ ಹೇಳಿಬಿಡಬೇಕು. ಕಷ್ಟದ ಕೋಡ್ ಬರೆದವನು ಕಷ್ಟದ ಕೆಲಸ ಮಾಡಿದವನ ಹಾಗೆ ಕಾಣುತ್ತಾನೆ. ಸರಳವಾಗಿ ಬರೆದವನಿಗೆ "ಇಷ್ಟೇನಾ?" ಅಂತಾರೆ. ಆ 'ಇಷ್ಟೇ'ಗೆ ಬರಲು ಅವನು ಏನೇನು ಬರೆದು ಅಳಿಸಿದ ಅನ್ನೋದು ಯಾರ ಸ್ಕ್ರೀನಲ್ಲೂ ಕಾಣಲ್ಲ. ನನ್ನ ಆ ಸಾಲನ್ನೂ ಆ ವರ್ಷ ರಿವ್ಯೂನಲ್ಲಿ ಹೊಗಳಿದ್ದರು. ಈಗ ಬೇರೆಯವರ ಕೋಡಿಗೆ ಒಪ್ಪಿಗೆ ಕೊಡುವ ಜಾಗದಲ್ಲಿ ನಾನೇ ಇದ್ದೇನೆ, ಅರ್ಥವಾಗದ್ದನ್ನು ಕಂಡು "ವಾಹ್" ಅಂದು ದಾಟಿಸಿದ್ದೂ ಉಂಟು.

ಅವತ್ತು ರಾತ್ರಿ ಅವಳಿಗೆ, "ಇಲ್ಲಮ್ಮ, ಬುದ್ಧಿ ಇಲ್ಲದೆ ಬರೆದಿರೋದು ನಾನು" ಅಂದೆ. ಆ ಕಡೆ ಏನೂ ಮಾತು ಬರಲಿಲ್ಲ. ಬೆಳಿಗ್ಗೆ ಎದ್ದು ಒಂದು ಲೂಪ್ ಬರೆದೆ, ಎಂಟು ಸಾಲು. ಏಳೂ ದಿನ ಮುಚ್ಚಿದ್ದರೆ ಹಾಗಂತಲೇ ಹೇಳುವ ಸಾಲು ಕೊನೆಗೆ. ರಿವ್ಯೂಗೆ ಅವಳಿಗೇ ಕಳಿಸಿದೆ.

ಹತ್ತು ನಿಮಿಷ ಆಗಿರಲಿಲ್ಲ, ಕಾಮೆಂಟ್ ಬಂತು. "ಸರ್, ಅಂಗಡಿ ಇವತ್ತು ತೆರೆದಿದೆ, ಆದ್ರೆ ಕಸ್ಟಮರ್ ಆರ್ಡರ್ ಮಾಡಿದ್ದು ರಾತ್ರಿ ಹನ್ನೊಂದಕ್ಕೆ. ಆಗ್ಲೂ ಇವತ್ತೇ ಅಂತ ತೋರಿಸ್ತೀವಾ?"

ಮೂರು ವರ್ಷದಿಂದ ಹಾಗೇ ತೋರಿಸುತ್ತಿದ್ದೆವು. ಬಂದ ದೂರುಗಳನ್ನೆಲ್ಲ ಅಂಗಡಿಯವರ ತಪ್ಪು ಅಂತ ಕ್ಲೋಸ್ ಮಾಡಿದ್ದೆವು.