ಮನೆಪಾಠದ ಮಕ್ಕಳೂ ಸರಕಾರಿ ಶಾಲೆಯೂ

ಉಪನಯನದ ನಂತರ ಮಗನನ್ನು ಮನೆಯಲ್ಲಿಯೇ ಇರಿಸಿಕೊಂಡು ಸಂಧ್ಯಾವಂದನೆ, ವೇದಪಾಠ, ಅಮರಕೋಶ, ಜೊತೆಗೆ ಒಂದಿಷ್ಟು ಲೆಕ್ಕ ಕಲಿಸುತ್ತಿರುವ ಗೃಹಸ್ಥರು ಪ್ರವಚನ ಮುಗಿದ ಮೇಲೆ ನಮ್ಮಲ್ಲಿ ಕೇಳುವುದುಂಟು: ಇನ್ನು ಇವನನ್ನು ಶಾಲೆಗೆ ಸೇರಿಸಬೇಕೆ? ಸೇರಿಸಿದರೆ ಸಂಪ್ರದಾಯಕ್ಕೆ ದ್ರೋಹ, ಸೇರಿಸದಿದ್ದರೆ ಮಗುವಿಗೆ ದ್ರೋಹ ಎಂಬ ತಳಮಳ ಅವರ ಮುಖದಲ್ಲಿ ಕಾಣುತ್ತದೆ.

ಹೊರಗೆ ಕಳುಹಿಸುವುದು ಸಂಪ್ರದಾಯಕ್ಕೆ ಹೊರತೆಂಬ ಮಾತೇ ಸರಿಯಲ್ಲ. ಛಾಂದೋಗ್ಯದ ಉದ್ದಾಲಕರು ಸ್ವತಃ ಜ್ಞಾನಿಗಳಾಗಿದ್ದೂ ಮಗ ಶ್ವೇತಕೇತುವನ್ನು 12ನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಕಳುಹಿಸಿದರು. ಅವನು 24ನೆಯ ವಯಸ್ಸಿನಲ್ಲಿ ವೇದಗಳೊಂದಿಗೆ ಗರ್ವವನ್ನೂ ಹೊತ್ತು ಹಿಂದಿರುಗಿದಾಗ, ಕಳುಹಿಸಿದ್ದಕ್ಕೆ ತಂದೆ ಪರಿತಪಿಸಲಿಲ್ಲ. ಅಲ್ಲಿ ದೊರೆಯದುದನ್ನು ತಾವೇ ಬೋಧಿಸಿದರು. ಸುಮಧ್ವವಿಜಯದಲ್ಲಿಯೂ ಬಾಲಕ ವಾಸುದೇವನಿಗೆ ಅಕ್ಷರಾಭ್ಯಾಸ ಮಾಡಿಸಿದವರು ತಂದೆ ಮಧ್ಯಗೇಹಭಟ್ಟರು. ಉಪನಯನಾನಂತರ ಆತ ಹೋದುದು ಬೇರೆ ಗುರುಗಳಲ್ಲಿಗೆ. ಅಲ್ಲಿ ಸಹಪಾಠಿಗಳೊಡನೆ ಓಟ, ಈಜು, ಕುಸ್ತಿಗಳೂ ನಡೆದವು. ಆ ಭಾಗವನ್ನು ಪಾರಾಯಣದಲ್ಲಿ ಆನಂದದಿಂದ ಕೇಳುವ ನಾವು, ನಮ್ಮ ಹುಡುಗನಿಗೆ ಜೊತೆಯಲ್ಲಿ ಓಡಲು ಯಾರಿದ್ದಾರೆಂದು ಯೋಚಿಸುವುದು ಕಡಿಮೆ.

ಆ ಗುರುಕುಲವೇ ಬೇರೆ, ಈ ಶಾಲೆಯೇ ಬೇರೆ ಎಂಬ ಆಕ್ಷೇಪಕ್ಕೆ ತೂಕವಿದೆ. ಸ್ವರಸಹಿತ ಅಧ್ಯಯನಕ್ಕೆ ಎಳೆಯ ವಯಸ್ಸಿನ ಧಾರಣಶಕ್ತಿಯೇ ಬಂಡವಾಳ. ಹಗಲೆಲ್ಲ ಶಾಲೆಯಲ್ಲಿ ಕಳೆದವನಿಗೆ ಬೆಳಗಿನ ಒಂದು ಸಂತೆ ಮಾತ್ರ ಉಳಿದೀತು. ಈ ನಷ್ಟವನ್ನು ಮರೆಮಾಚಬಾರದು. ಆದುದರಿಂದಲೇ ವೇದದಲ್ಲಿ ನಿಜವಾದ ಆಸ್ಥೆಯುಳ್ಳ ಬಾಲಕನನ್ನು ಪಾಠಶಾಲೆಗೇ ಸೇರಿಸುವುದು ಮೇಲು; 2012ರ ತಿದ್ದುಪಡಿಯು ವೇದಪಾಠಶಾಲೆಗಳನ್ನು ಶಿಕ್ಷಣದ ಹಕ್ಕಿನ ಕಾಯಿದೆಯಿಂದ ಹೊರಗಿರಿಸಿದೆ. ಆದರೆ ತಂದೆ ನಸುಕಿನಲ್ಲಿ ಪೂಜೆಗೆ ಹೊರಟು ಮಧ್ಯಾಹ್ನ ದಣಿದು ಬರುವ ಮನೆ ಪಾಠಶಾಲೆಯಲ್ಲ. ಅಲ್ಲಿ ಹುಡುಗನಿಗೆ ವೇದವೂ ಪೂರ್ಣವಾಗದು, ಗಣಿತವೂ ಬಾರದು.

ಹೆಣ್ಣುಮಕ್ಕಳ ವಿಷಯವನ್ನು ಯಾರೂ ಕೇಳುವುದಿಲ್ಲವಾದುದರಿಂದ ನಾವೇ ಹೇಳುತ್ತೇವೆ. ಅವರ ಮನೆಪಾಠವೆಂದರೆ ನಾಲ್ಕು ದೇವರನಾಮ, ಉಳಿದುದೆಲ್ಲ ಅಡುಗೆಮನೆಯ ಕೆಲಸ. ಅಂಥ ಮಗುವನ್ನು ಶಾಲೆಗೆ ಸೇರಿಸಲು ಮುಹೂರ್ತ ನೋಡಬೇಕಾಗಿಲ್ಲ.

ಹನ್ನೊಂದು ವರ್ಷದವನನ್ನು ಒಂದನೆಯ ತರಗತಿಯಲ್ಲಿ ಕೂರಿಸುವರೆಂಬ ಅಂಜಿಕೆ ಬೇಡ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಆ ಕಾಯಿದೆಯ 4ನೆಯ ಪ್ರಕರಣದಂತೆ, ಶಾಲೆಗೆ ಹೋಗದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕು. ಊಟದ ಆಚಾರಕ್ಕೆ ಮನೆಯ ಬುತ್ತಿಯಿದೆ. ಇಷ್ಟನ್ನು ಹೇಳಿದ ಮೇಲೂ ಕೆಲವರು ಹಿಂಜರಿಯುತ್ತಾರೆ. ಆಗ ಅವರ ಭಯ ಆಚಾರ ಕೆಡುವುದೆಂದಲ್ಲ, ಅನ್ಯರ ಮಕ್ಕಳೊಡನೆ ತಮ್ಮ ಮಗು ಬೆರೆಯುವುದೆಂದು. ಇದು ಶಾಸ್ತ್ರಭೀತಿಯಲ್ಲ, ಅದಕ್ಕೆ ಶಾಸ್ತ್ರದ ಹೆಸರನ್ನು ಇಡಬಾರದು.

ಜೀವರು ಪರಸ್ಪರ ಭಿನ್ನರು, ಅವರ ಸ್ವಭಾವಯೋಗ್ಯತೆ ಬೇರೆ ಬೇರೆ ಎಂಬುದು ನಮ್ಮ ಸಿದ್ಧಾಂತ. ಹಾಗಿರುವಾಗ ಅಣ್ಣನಿಗೆ ಒಪ್ಪಿದ ಏರ್ಪಾಡು ತಮ್ಮನಿಗೂ ಒಪ್ಪಬೇಕೆಂದು ಹಟ ಹಿಡಿಯುವುದೇಕೆ? ಒಬ್ಬನು ಪಾಠಶಾಲೆಗೆ, ಇನ್ನೊಬ್ಬನು ಊರ ಶಾಲೆಗೆ ಹೋಗಲಿ. ಯಾರು ಎಲ್ಲಿಗೆ ಎಂಬುದನ್ನು ತಂದೆ ತಾಯಿಗಳು ನಿಶ್ಚಯಿಸುವ ಮೊದಲು ಆ ಮಕ್ಕಳನ್ನೂ ಹತ್ತಿರ ಕರೆದು ಕೇಳಬೇಕು. ಶಾಲೆಗೆ ಹೋಗುವವನು ಸಂಜೆ ಸಂಧ್ಯೆಗೆ ಕುಳಿತಾಗ ಪಕ್ಕದಲ್ಲಿ ಕೂರಲು ತಂದೆಯೂ ಬಿಡುವು ಮಾಡಿಕೊಳ್ಳಬೇಕು.